ಸಕ್ಕರೆ ಇಳಿಯಲೆಂದು ಊಟ ಕಡಿಮೆ ಮಾಡಿದೆವು, ಗಾಯ ಮಾಗುತ್ತಿಲ್ಲ: ಅಪ್ಪನಿಗೆ ಏನು ಉಣಿಸಲಿ?

ಪ್ರಶ್ನೆ: ನಮ್ಮದು ಕೊಪ್ಪಳ ಜಿಲ್ಲೆಯ ಕಾರಟಗಿ ಹತ್ತಿರದ ಹಳ್ಳಿ. ನಮ್ಮ ತಂದೆಗೆ 63 ವರ್ಷ, ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ. ಗದ್ದೆಯಲ್ಲಿ ಕಾಲಿಗೆ ಏನೋ ಚುಚ್ಚಿದ್ದು ಅವರಿಗೆ ಗೊತ್ತೇ ಆಗಲಿಲ್ಲ. ಹುಣ್ಣಾಗಿ, ಕಪ್ಪಾಗಿ, ಕೊನೆಗೆ ಬಲಗಾಲಿನ ಎರಡು ಬೆರಳು ತೆಗೆದರು. ಆರು ವಾರವಾದರೂ ಗಾಯ ಹಾಗೇ ಇದೆ. 74 ಕೆಜಿ ಇದ್ದವರು 66ಕ್ಕೆ ಇಳಿದಿದ್ದಾರೆ. ಆಸ್ಪತ್ರೆಯಿಂದ ಕಳಿಸುವಾಗ ‘ಊಟ ಕಟ್ಟುನಿಟ್ಟಾಗಿರಲಿ’ ಎಂದಷ್ಟೇ ಹೇಳಿದರು. ಅವ್ವ ಬೆಳಿಗ್ಗೆ ಎರಡು ಮೂರು ಬ್ರೆಡ್ಡು, ಮಧ್ಯಾಹ್ನ ಎರಡು ಲೋಟ ಅಕ್ಕಿ ಗಂಜಿ, ರಾತ್ರಿ ಒಂದು ಜೋಳದ ರೊಟ್ಟಿ, ನೀರು ಮಜ್ಜಿಗೆ ಕೊಡುತ್ತಾಳೆ. ತೊಗರಿಬೇಳೆ, ಶೇಂಗಾ, ಬದನೆಕಾಯಿ, ತತ್ತಿ, ಮಾಂಸ ಎಲ್ಲಾ ನಂಜು, ಕೀವು ಕಟ್ಟುತ್ತದೆ ಎಂದು ಮುಟ್ಟಗೊಡುವುದಿಲ್ಲ. ಇಷ್ಟು ಪಥ್ಯ ಮಾಡಿದರೂ ಸಕ್ಕರೆ 250ರಿಂದ 300ರ ನಡುವೆಯೇ ಇದೆ. ಇನ್ಸುಲಿನ್ ಕೊಟ್ಟಿದ್ದಾರೆ, ಅವರು ಸರಿಯಾಗಿ ಉಣ್ಣದ ದಿನ ಹೆದರಿ ಬಿಡುತ್ತೇವೆ. ಒಮ್ಮೆ 58ಕ್ಕೆ ಇಳಿದು ಬೆವತು ನಡುಗಿಬಿಟ್ಟರು. ರಕ್ತದಲ್ಲಿ ಅಲ್ಬುಮಿನ್ 2.6, ಕ್ರಿಯಾಟಿನಿನ್ 1.4 ಎಂದು ಬಂದಿದೆ. ಅಲ್ಬುಮಿನ್ ಬಾಟಲಿ ಏರಿಸಿದರೆ ಸರಿಹೋಗುತ್ತದೆ ಎಂದು ಒಬ್ಬರು, ಪ್ರೋಟೀನ್ ಪುಡಿ ಕುಡಿಸಿ ಎಂದು ಇನ್ನೊಬ್ಬರು, ಪ್ರೋಟೀನ್ ಕೊಟ್ಟರೆ ಕಿಡ್ನಿ ಹೋಗುತ್ತದೆ ಎಂದು ಮತ್ತೊಬ್ಬರು. ಮುಂದಿನ ತಿಂಗಳು ಗಾಯಕ್ಕೆ ಚರ್ಮ ಕಸಿ ಮಾಡುತ್ತಾರಂತೆ. ನಾವು ಏನು ಮಾಡಬೇಕು?

ಉತ್ತರ: ಉಣಿಸಿದರೆ ಸಕ್ಕರೆ ಏರುತ್ತದೆ, ಉಣಿಸದಿದ್ದರೆ ಅಪ್ಪ ಕರಗುತ್ತಾರೆ. ನಿಮ್ಮ ಪತ್ರದ ತುಂಬ ಇರುವುದು ಈ ಇಕ್ಕಟ್ಟು. ಮೊದಲು ನೇರವಾಗಿ ಹೇಳಿಬಿಡುತ್ತೇನೆ: ಉಣಿಸಬೇಕು. ಅವರಿಗೆ ಬೇಕಾದಷ್ಟು ಊಟ ಎಷ್ಟೆಂದು ಮೊದಲು ನಿಗದಿಯಾಗಲಿ, ಆ ಊಟಕ್ಕೆ ತಕ್ಕಂತೆ ಇನ್ಸುಲಿನ್ ಹೊಂದಿಸಲಿ. ನಿಮ್ಮ ಮನೆಯಲ್ಲಿ ಇದು ತಲೆಕೆಳಗಾಗಿದೆ. ಮೀಟರಿನ ಅಂಕಿ ನೋಡಿ ತಟ್ಟೆ ಚಿಕ್ಕದಾಗುತ್ತಿದೆ. ತಪ್ಪು ನಿಮ್ಮ ಅವ್ವನದಲ್ಲ. ಬಳ್ಳಾರಿಯಲ್ಲಿ ನಾನು ನೋಡುವ ಕಾಲುಹುಣ್ಣಿನ ರೋಗಿಗಳಲ್ಲಿ ಬಹಳ ಮಂದಿ ಹೀಗೆಯೇ ಬರುತ್ತಾರೆ. ಕೈಯಲ್ಲಿ ಸಕ್ಕರೆ ಬರೆದಿಟ್ಟ ಹಾಳೆ ಇರುತ್ತದೆ, ನಿನ್ನೆ ಏನು ಉಂಡರು ಎಂದು ಕೇಳಿದರೆ ಮನೆಯವರು ಮುಖ ಮುಖ ನೋಡಿಕೊಳ್ಳುತ್ತಾರೆ.

ಈಗ ಅವರು ಉಣ್ಣುತ್ತಿರುವುದನ್ನೇ ಲೆಕ್ಕ ಹಾಕೋಣ. ಬ್ರೆಡ್ಡಿನಲ್ಲಿ ಆರು ಗ್ರಾಂ ಪ್ರೋಟೀನ್ ಸಿಕ್ಕೀತು. ಎರಡು ಲೋಟ ಗಂಜಿಗೆ ಹಿಡಿಯುವ ಅಕ್ಕಿ ಹೆಚ್ಚೆಂದರೆ ಒಂದು ಹಿಡಿ, ಅದರಿಂದ ನಾಲ್ಕು ಗ್ರಾಂ. ಒಂದು ರೊಟ್ಟಿಯಿಂದ ಐದು. ಚಹಾದ ಹಾಲು, ಮಜ್ಜಿಗೆ ಸೇರಿಸಿದರೂ ಇಡೀ ದಿನಕ್ಕೆ ಇಪ್ಪತ್ತು ಗ್ರಾಂ ದಾಟುವುದು ಕಷ್ಟ, ಕ್ಯಾಲರಿ ಆರುನೂರರ ಆಸುಪಾಸು. ಆರೋಗ್ಯವಂತರಿಗೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸು ದೇಹತೂಕದ ಪ್ರತಿ ಕೆಜಿಗೆ 0.83 ಗ್ರಾಂ ಪ್ರೋಟೀನ್. ದೊಡ್ಡ ಗಾಯ ಇರುವವರಿಗೆ ಸಾಮಾನ್ಯವಾಗಿ 1.2ರಿಂದ 1.5 ಗ್ರಾಂವರೆಗೆ ಬೇಕು, ಕ್ಯಾಲರಿ ಕೆಜಿಗೆ ಸುಮಾರು 30. ನಿಮ್ಮ ತಂದೆಯ 66 ಕೆಜಿಗೆ ಕನಿಷ್ಠ 80 ಗ್ರಾಂ ಪ್ರೋಟೀನ್, ಎರಡು ಸಾವಿರದಷ್ಟು ಕ್ಯಾಲರಿ ಎಂದಾಯಿತು. ಸಿಗುತ್ತಿರುವುದು ಕಾಲುಭಾಗ. ಉಳಿದದ್ದನ್ನು ದೇಹ ತನ್ನ ಸ್ನಾಯು ಕರಗಿಸಿಯೇ ತರಬೇಕು. ಆರು ವಾರದಲ್ಲಿ ಎಂಟು ಕೆಜಿ, ಅಂದರೆ ಇದ್ದ ತೂಕದ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ಹೋಗಿದೆ. ಒಂದು ತಿಂಗಳಲ್ಲಿ ನೂರಕ್ಕೆ ಐದರಷ್ಟು ಇಳಿದರೇ ನಾವು ಅಪೌಷ್ಟಿಕತೆ ಎಂದು ಬರೆದುಕೊಳ್ಳುತ್ತೇವೆ. ಹೊಟ್ಟೆ ಇನ್ನೂ ಮುಂದಿದೆ, ಇವರಿಗೆಂಥ ಅಪೌಷ್ಟಿಕತೆ ಎನ್ನಬೇಡಿ. ಹೊಟ್ಟೆಯ ಕೊಬ್ಬು ಉಳಿದುಕೊಂಡು ತೊಡೆ, ತೋಳು ಸಣ್ಣಗಾಗುವುದು ಸಕ್ಕರೆ ಕಾಯಿಲೆಯಲ್ಲಿ ಬಹಳ ಸಾಮಾನ್ಯ.

ಉಣ್ಣದೆಯೇ ಸಕ್ಕರೆ 300 ಹೇಗೆ ಬರುತ್ತದೆ? ಎಲ್ಲರೂ ತಪ್ಪು ತಿಳಿಯುವುದು ಇಲ್ಲಿಯೇ. ರಕ್ತದ ಸಕ್ಕರೆ ತಟ್ಟೆಯಿಂದ ಮಾತ್ರ ಬರುವುದಿಲ್ಲ. ಸೋಂಕು, ನೋವು, ಶಸ್ತ್ರಚಿಕಿತ್ಸೆ ಇದ್ದಾಗ ಕಾರ್ಟಿಸಾಲ್, ಅಡ್ರಿನಲಿನ್ ಹಾರ್ಮೋನುಗಳು ಏರುತ್ತವೆ. ಅವು ಯಕೃತ್ತಿಗೆ ‘ಸಕ್ಕರೆ ಬಿಡು’ ಎಂದು ಹೇಳುತ್ತವೆ, ಇನ್ಸುಲಿನ್ನಿನ ಮಾತು ನಡೆಯದಂತೆ ಮಾಡುತ್ತವೆ. ಯಕೃತ್ತು ಸ್ನಾಯುವಿನಿಂದ ಕರಗಿ ಬಂದ ಪ್ರೋಟೀನನ್ನೇ ಸಕ್ಕರೆಯಾಗಿ ಮಾರ್ಪಡಿಸುತ್ತದೆ. ಹಾಗಾಗಿ ನಿಮ್ಮ ತಂದೆಯ 300ರಲ್ಲಿ ಒಂದು ಪಾಲು ಅವರ ತೊಡೆಯಿಂದಲೇ ಬಂದದ್ದು. ಊಟ ಇನ್ನೂ ಕತ್ತರಿಸಿದರೆ ಈ ಪಾಲು ಕಡಿಮೆಯಾಗುವುದಿಲ್ಲ. ಅದನ್ನು ತಡೆಯುವುದು ಎರಡೇ: ಸಾಕಷ್ಟು ಇನ್ಸುಲಿನ್, ಮತ್ತು ಸೋಂಕು ಹತೋಟಿಗೆ ಬರುವುದು. ಇನ್ಸುಲಿನ್ ಸಕ್ಕರೆ ಇಳಿಸುವ ಔಷಧಿ ಮಾತ್ರವಲ್ಲ, ಸ್ನಾಯು ಕರಗದಂತೆ ಹಿಡಿಯುವ ಹಾರ್ಮೋನೂ ಹೌದು. ಅದನ್ನು ‘ಕೊನೆಯ ಹಂತ’ ಎಂದೋ, ಒಮ್ಮೆ ಹಚ್ಚಿದರೆ ಬಿಡಲಾಗದ ಚಟ ಎಂದೋ ಹೇಳುವವರ ಮಾತು ಕಿವಿಗೆ ಹಾಕಿಕೊಳ್ಳಬೇಡಿ. ಗಾಯ ಮಾಗಿದ ಮೇಲೆ ಎಷ್ಟೋ ಜನರ ಡೋಸು ಇಳಿಯುತ್ತದೆ, ಕೆಲವರು ಮಾತ್ರೆಗೆ ಮರಳುತ್ತಾರೆ.

ಹಾಗೆಂದು ಸಕ್ಕರೆ ಎಷ್ಟಿದ್ದರೂ ನಡೆಯುತ್ತದೆ ಎಂದಲ್ಲ. 200ರ ಮೇಲೆಯೇ ನಿಂತಿದ್ದರೆ ಬಿಳಿ ರಕ್ತಕಣಗಳು ಗಾಯದತ್ತ ಓಡುವುದೂ ಕ್ರಿಮಿಗಳನ್ನು ನುಂಗುವುದೂ ಮಂದವಾಗುತ್ತದೆ. ಹಾಗೆಂದು ಬಿಗಿ ಹೆಚ್ಚಾದರೂ ಅಪಾಯ. 2009ರಲ್ಲಿ ಪ್ರಕಟವಾದ ನೈಸ್-ಶುಗರ್ ಎಂಬ ದೊಡ್ಡ ಅಧ್ಯಯನದಲ್ಲಿ ತೀವ್ರ ನಿಗಾ ಘಟಕದ ಆರು ಸಾವಿರಕ್ಕೂ ಹೆಚ್ಚು ರೋಗಿಗಳಿದ್ದರು. ಸಕ್ಕರೆಯನ್ನು 81ರಿಂದ 108ರೊಳಗೆ ಬಿಗಿಹಿಡಿದ ಗುಂಪಿನಲ್ಲಿ ನೂರಕ್ಕೆ 27.5 ಮಂದಿ ತೀರಿಕೊಂಡರು, 180ರೊಳಗೆ ಇದ್ದರೆ ಸಾಕು ಎಂದು ಬಿಟ್ಟವರಲ್ಲಿ 24.9. ಅಲ್ಲಿಂದೀಚೆಗೆ ಆಸ್ಪತ್ರೆಯಲ್ಲಿರುವ ಬಹುತೇಕ ರೋಗಿಗಳಿಗೆ 140ರಿಂದ 180ರ ಗುರಿ ಇಟ್ಟುಕೊಳ್ಳುತ್ತೇವೆ. ನಿಮ್ಮ ತಂದೆಗೆ ಮನೆಯಲ್ಲಿ ಖಾಲಿ ಹೊಟ್ಟೆಯಲ್ಲಿ 100ರಿಂದ 140, ಊಟದ ಎರಡು ಗಂಟೆ ಮೇಲೆ 180ರ ಒಳಗೆ ಬಂದರೆ ನಾನು ಸಮಾಧಾನಪಡುತ್ತೇನೆ.

ನಂಜಿನ ಮಾತಿಗೆ ಬರೋಣ. ಕೀವು ಅಂದರೆ ಸತ್ತ ಬಿಳಿ ರಕ್ತಕಣ, ಸತ್ತ ಅಂಗಾಂಶ, ಕ್ರಿಮಿ. ಬ್ಯಾಳಿ ಹೊಟ್ಟೆಗೆ ಹೋಗಿ ಕಾಲಲ್ಲಿ ಕೀವಾಗುವ ದಾರಿ ದೇಹದಲ್ಲಿ ಇಲ್ಲ. ಗಾಯದ ತಳದಲ್ಲಿ ಹೊಸದಾಗಿ ಕೆಂಪು ಮಾಂಸ ಬೆಳೆಯುತ್ತದಲ್ಲ, ಅದಕ್ಕೆ ಬೇಕಾದ ಕೊಲಾಜನ್ ಎಂಬ ನಾರು ತಯಾರಾಗುವುದು ಇದೇ ಬೇಳೆ, ತತ್ತಿ, ಹಾಲು, ಮಾಂಸದ ಪ್ರೋಟೀನಿನಿಂದ. ಬದನೆಕಾಯಿ ತಿಂದರೆ ಕೆಲವರಿಗೆ ಮೈ ತುರಿಸುವುದು ನಿಜ, ಅದು ಅಲರ್ಜಿ. ಅಂಥವರು ಬಿಡಲಿ, ಬದನೆ ಬಿಟ್ಟರೆ ನಷ್ಟವೇನಿಲ್ಲ. ಬೇಳೆ, ತತ್ತಿ ಬಿಟ್ಟರೆ ನಷ್ಟ ಇದೆ. ಇದನ್ನೇ ಹಿಡಿದು ಅವ್ವನ ಜತೆ ಜಗಳಕ್ಕೆ ಇಳಿಯಬೇಡಿ. ನಂಜಿನ ಪಟ್ಟಿಯಲ್ಲಿ ಇಲ್ಲದವುಗಳಿಂದ ಶುರುಮಾಡಿ. ಹೆಸರುಬೇಳೆಯನ್ನು ಯಾವ ಹಿರಿಯರೂ ಬೇಡ ಎನ್ನುವುದಿಲ್ಲ. ಹಾಲು, ಗಟ್ಟಿ ಮೊಸರು, ಪುಟಾಣಿಗೂ (ಹುರಿಗಡಲೆ) ತಕರಾರು ಕಡಿಮೆ. ಎರಡು ವಾರ ಹೋಗಲಿ, ಗಾಯಕ್ಕೆ ಏನೂ ಆಗಲಿಲ್ಲವೆಂದು ಕಂಡ ಮೇಲೆ ತತ್ತಿಯ ಮಾತೆತ್ತಿ.

ಗಂಜಿ ಹಗುರ, ಒಪ್ಪುತ್ತೇನೆ. ವಾಂತಿ, ಜ್ವರ ಇದ್ದ ಒಂದೆರಡು ದಿನಕ್ಕೆ ಅದು ಸರಿ. ಆರು ವಾರಕ್ಕಲ್ಲ. ಚೆನ್ನಾಗಿ ಬೆಂದು ಒಡೆದ ಅಕ್ಕಿಯ ಪಿಷ್ಟ ಬೇಗ ಸಕ್ಕರೆಯಾಗುತ್ತದೆ, ಹಾಗಾಗಿ ಪಥ್ಯ ಎಂದು ಕೊಟ್ಟದ್ದೇ ಮೀಟರಿನಲ್ಲಿ ಏರಿಕೆ ತೋರಿಸುತ್ತದೆ. ಬ್ರೆಡ್ಡು, ರಸ್ಕು, ನೋಡಲು ಬಂದವರು ತರುವ ಗ್ಲೂಕೋಸ್ ಬಿಸ್ಕತ್ತಿನ ಕಥೆಯೂ ಅಷ್ಟೇ. ಎಳನೀರಿನ ಬಗ್ಗೆ ಒಂದು ಎಚ್ಚರಿಕೆ: ಅದರಲ್ಲಿ ಪೊಟ್ಯಾಷಿಯಂ ಹೆಚ್ಚು. ಕಿಡ್ನಿ ಕುಂದಿದಾಗ ರಕ್ತದಲ್ಲಿ ಹೆಚ್ಚುವ ಕ್ರಿಯಾಟಿನಿನ್ ಏರಿರುವವರು, ಅದರಲ್ಲೂ ಬಿಪಿಗೆ ಟೆಲ್ಮಿಸಾರ್ಟನ್, ರಾಮಿಪ್ರಿಲ್ ಥರದ ಮಾತ್ರೆ ನುಂಗುವವರು ಪೊಟ್ಯಾಷಿಯಂ ಪರೀಕ್ಷೆ ಮಾಡಿಸದೆ ದಿನಾ ಕುಡಿಯಬಾರದು.

‘ಬಾಟಲಿ ಏರಿಸಿದರೆ ಶಕ್ತಿ ಬರುತ್ತದೆ’ ಎಂಬುದು ನಮ್ಮ ಬಳ್ಳಾರಿ, ಕೊಪ್ಪಳ, ರಾಯಚೂರು ಜಿಲ್ಲೆಗಳಲ್ಲಿ ಬಲವಾಗಿ ಬೇರೂರಿದೆ. ಅರ್ಧ ಲೀಟರಿನ ಐದು ಪರ್ಸೆಂಟ್ ಗ್ಲೂಕೋಸ್ ಬಾಟಲಿಯಲ್ಲಿರುವುದು 25 ಗ್ರಾಂ ಸಕ್ಕರೆ, ನೂರು ಕ್ಯಾಲರಿಯೂ ಇಲ್ಲ. ಸಲೈನ್ ಬಾಟಲಿಯಲ್ಲಿ ಅದೂ ಇಲ್ಲ. ಅಲ್ಬುಮಿನ್ ಬಾಟಲಿ ಇನ್ನೊಂದು ಬಗೆಯ ತಪ್ಪು ತಿಳಿವಳಿಕೆ. ಅಲ್ಬುಮಿನ್ ರಕ್ತದಲ್ಲಿರುವ ಒಂದು ಪ್ರೋಟೀನ್; ಅದು 2.6 ಎಂದರೆ ಪ್ರೋಟೀನ್ ಕಡಿಮೆ ತಿಂದದ್ದರ ಲೆಕ್ಕ ಎಂದು ಹಿಂದೆ ನಾವು ವೈದ್ಯರೂ ಓದಿದ್ದೆವು. ಈಗ ಗೊತ್ತಿರುವುದು, ಸೋಂಕು ಇರುವಾಗ ಯಕೃತ್ತು ಅಲ್ಬುಮಿನ್ ತಯಾರಿಕೆ ತಗ್ಗಿಸುತ್ತದೆ, ಇದ್ದದ್ದೂ ರಕ್ತನಾಳದಿಂದ ಹೊರಗೆ ಜಿನುಗುತ್ತದೆ. ಸಕ್ಕರೆ ಕಾಯಿಲೆಯವರಲ್ಲಿ ಮೂತ್ರದಲ್ಲೂ ಹೋಗಬಹುದು, ಆ ಪರೀಕ್ಷೆಯನ್ನೂ ಮಾಡಿಸಿ. ನಿಮ್ಮ ತಂದೆಯ 2.6 ‘ಸೋಂಕು ಇನ್ನೂ ಆರಿಲ್ಲ, ಹುಷಾರು’ ಎಂದು ಹೇಳುತ್ತಿದೆ. ದುಬಾರಿ ಬಾಟಲಿಯಿಂದ ಅಂಕಿ ಕೆಲವು ದಿನ ಮೇಲೆ ಕಾಣಬಹುದು, ಗಾಯಕ್ಕೆ ಆಹಾರವಾಗುವುದಿಲ್ಲ. ಆ ದುಡ್ಡು ಉಳಿಸಿಕೊಳ್ಳಿ.

ಕಿಡ್ನಿಯ ಪ್ರಶ್ನೆಯನ್ನು ಮಾತ್ರ ಹಗುರವಾಗಿ ತಳ್ಳುವಂತಿಲ್ಲ. 63ರ ಗಂಡಸಿಗೆ ಕ್ರಿಯಾಟಿನಿನ್ 1.4 ಎಂದರೆ ಕಿಡ್ನಿಯ ಸೋಸುವ ಶಕ್ತಿ 55ರ ಹತ್ತಿರ, ಅಂದರೆ ಸ್ವಲ್ಪ ಕುಂದಿದೆ. ಸ್ನಾಯು ಕರಗಿದವರಲ್ಲಿ ಕ್ರಿಯಾಟಿನಿನ್ ಇರಬೇಕಾದ್ದಕ್ಕಿಂತ ಕಡಿಮೆ ತೋರಿಸುತ್ತದೆ, ಹಾಗಾಗಿ ನಿಜಸ್ಥಿತಿ ಇನ್ನೂ ಸ್ವಲ್ಪ ಕೆಳಗಿರಬಹುದು. ಕಿಡ್ನಿ ದುರ್ಬಲವಿದ್ದು ಡಯಾಲಿಸಿಸ್ ಇಲ್ಲದವರಿಗೆ ಎಂದಿನ ಸಲಹೆ ಕೆಜಿಗೆ 0.8 ಗ್ರಾಂ ಪ್ರೋಟೀನ್. ಆದರೆ ಅದು ಗಾಯವಿಲ್ಲದ, ಸ್ಥಿರವಾಗಿರುವ ರೋಗಿಗೆ. ತೆರೆದ ಗಾಯ, ಹತ್ತು ಪರ್ಸೆಂಟ್ ತೂಕನಷ್ಟ ಎರಡೂ ಇರುವಾಗ ಆ ಮಿತಿ ಹಿಡಿದು ಕೂತರೆ ಕಾಲನ್ನೇ ಕಳೆದುಕೊಂಡೇವು. ಕೆಜಿಗೆ 1.2ರಿಂದ ಆರಂಭಿಸಿ, ಎರಡು ವಾರಕ್ಕೊಮ್ಮೆ ಕ್ರಿಯಾಟಿನಿನ್, ಪೊಟ್ಯಾಷಿಯಂ ನೋಡುತ್ತ ಹೋಗುವುದು ನನ್ನ ರೂಢಿ. ಕ್ರಿಯಾಟಿನಿನ್ ಏರತೊಡಗಿದರೆ ಕಿಡ್ನಿ ತಜ್ಞರನ್ನು ಕೇಳಿ ಹೊಂದಿಸಬೇಕು. ಅಂದ ಹಾಗೆ, ಪ್ರೋಟೀನಿಗಿಂತ ಬೇಗ ಕಿಡ್ನಿ ಕೆಡಿಸುವುದು ಮೆಡಿಕಲ್ ಶಾಪಿನಿಂದ ಚೀಟಿಯಿಲ್ಲದೆ ತಂದು ನುಂಗುವ ನೋವಿನ ಮಾತ್ರೆ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಮನೆಯಲ್ಲಿದ್ದರೆ ಈವತ್ತೇ ಎತ್ತಿಡಿ.

ಹಾಗಾದರೆ 80 ಗ್ರಾಂ ಹೇಗೆ ತುಂಬುವುದು? ನಿಮ್ಮ ಅಡುಗೆಮನೆಯಲ್ಲಿ ಇರುವುದರಿಂದಲೇ. ಬೆಳಿಗ್ಗೆ ಒಂದು ಜೋಳದ ರೊಟ್ಟಿ, ಎರಡು ತತ್ತಿ: 17 ಗ್ರಾಂ. ಹನ್ನೊಂದು ಗಂಟೆಗೆ ಒಂದು ಲೋಟದಷ್ಟು ಗಟ್ಟಿ ಮೊಸರು, ಒಂದು ಹಿಡಿ ಹುರಿದ ಶೇಂಗಾ: 13. ಮಧ್ಯಾಹ್ನ ಎರಡು ರೊಟ್ಟಿ, ಪುಂಡಿ ಪಲ್ಯವೋ ಯಾವುದಾದರೂ ಸೊಪ್ಪಿನ ಪಲ್ಯವೋ, ಸೌಟಿನಲ್ಲಿ ಎತ್ತಿದರೆ ನಿಲ್ಲುವಷ್ಟು ಗಟ್ಟಿ ಬ್ಯಾಳಿ, ಮೇಲೆ ಒಂದು ಸಣ್ಣ ಬಟ್ಟಲು ಅನ್ನ: 23. ಸಂಜೆ ಒಂದು ಲೋಟ ಹಾಲು, ಒಂದು ಹಿಡಿ ಪುಟಾಣಿ: 12. ರಾತ್ರಿ ಒಂದು ರೊಟ್ಟಿ, ಮೊಳಕೆ ಕಟ್ಟಿದ ಹೆಸರುಕಾಳು ಅಥವಾ ಮಡಕಿಕಾಳಿನ ಪಲ್ಯ: 14. ಅಡುಗೆಗೆ ನಾಲ್ಕು ಚಮಚ ಎಣ್ಣೆ ಸೇರಿದರೆ ಕ್ಯಾಲರಿಯೂ ಎರಡು ಸಾವಿರಕ್ಕೆ ಬರುತ್ತದೆ. ತತ್ತಿ ಒಲ್ಲೆವು ಎಂದರೆ 30 ಗ್ರಾಂ ಸೋಯಾ ಚಂಕ್ಸ್, ಅದರಲ್ಲಿ 15 ಗ್ರಾಂ ಪ್ರೋಟೀನ್ ಇದೆ. ಮಾಂಸ ಉಣ್ಣುವ ಮನೆಯಾದರೆ ವಾರಕ್ಕೆರಡು ಸಲ ರಾತ್ರಿಯ ಕಾಳಿನ ಬದಲು ಕೋಳಿ. ಒಂದು ಮಾತು: ಬೇಳೆಯ ತಿಳಿಸಾರನ್ನು ಬೇಳೆ ಎಂದು ಲೆಕ್ಕಕ್ಕೆ ಹಿಡಿಯಬೇಡಿ, ಅದರಲ್ಲಿರುವುದು ಹುಳಿ, ಖಾರ, ನೀರು. ಗಾಯಕ್ಕೆ ಬೇಕಾದ ಸಿ ಜೀವಸತ್ವಕ್ಕೆ ಒಂದು ಪೇರಲ ಹಣ್ಣು ಅಥವಾ ನೆಲ್ಲಿಕಾಯಿ ಸಾಕು. ಹನ್ನೆರಡು ವರ್ಷ ಮೆಟ್ಫಾರ್ಮಿನ್ ನುಂಗಿದ್ದರೆ ಬಿ12 ಒಮ್ಮೆ ಪರೀಕ್ಷಿಸಿ, ಆ ಮಾತ್ರೆ ವರ್ಷಗಟ್ಟಲೆ ನುಂಗಿದವರಲ್ಲಿ ಅದು ಕುಸಿಯಬಹುದು.

ರೊಟ್ಟಿ ತಿಂದರೆ ಸಕ್ಕರೆ ಏರುವುದಿಲ್ಲ ಎಂಬ ಭ್ರಮೆ ಬೇಡ. ತುಂಗಭದ್ರಾ ಕಾಲುವೆ ಬಂದ ಮೇಲೆ ಗಂಗಾವತಿ, ಕಾರಟಗಿ, ಸಿಂಧನೂರು ಭಾಗದಲ್ಲಿ ಅನ್ನವೇ ಮುಖ್ಯ ಊಟವಾಯಿತು. ಈಗ ಡಾಕ್ಟರು ‘ರೊಟ್ಟಿ ತಿನ್ನಿ’ ಎಂದರೆ ಅನ್ನದ ಜತೆಗೆ ರೊಟ್ಟಿಯೂ ಸೇರಿಕೊಳ್ಳುತ್ತದೆ. ನೂರು ಗ್ರಾಂ ಜೋಳದಲ್ಲಿ ಸುಮಾರು 68 ಗ್ರಾಂ ಕಾರ್ಬೋಹೈಡ್ರೇಟ್, ಅಕ್ಕಿಯಲ್ಲಿ 78. ದೊಡ್ಡ ಅಂತರವಲ್ಲ. ಜೋಳ ಗೆಲ್ಲುವುದು ನಾರಿನಂಶದಲ್ಲಿ: ಜೋಳದಲ್ಲಿ ಹತ್ತು ಗ್ರಾಂ ನಾರು, ಅಕ್ಕಿಯಲ್ಲಿ ಮೂರಕ್ಕೂ ಕಡಿಮೆ.

ಇನ್ನು ಅಪಾಯಗಳು. ಈ ಊಟವನ್ನು ನಾಳೆಯಿಂದಲೇ ಪೂರ್ತಿ ಬಡಿಸಬೇಡಿ. ವಾರಗಟ್ಟಲೆ ಅರೆಹೊಟ್ಟೆಯಲ್ಲಿದ್ದ ದೇಹಕ್ಕೆ ಒಮ್ಮೆಲೇ ತುಂಬ ಉಣಿಸಿದರೆ, ಮೇಲಿಂದ ಇನ್ಸುಲಿನ್ನೂ ಇದ್ದರೆ, ರಕ್ತದ ಫಾಸ್ಫೇಟ್, ಪೊಟ್ಯಾಷಿಯಂ, ಮೆಗ್ನೀಷಿಯಂ ಜೀವಕೋಶಗಳೊಳಗೆ ಸೆಳೆದುಹೋಗಿ ಹೃದಯದ ಬಡಿತವೇ ಏರುಪೇರಾಗಬಹುದು. ರೀಫೀಡಿಂಗ್ ಎನ್ನುವುದು ಇದನ್ನೇ. ಹತ್ತು ಪರ್ಸೆಂಟಿಗಿಂತ ಹೆಚ್ಚು ತೂಕ ಇಳಿದು ಇನ್ಸುಲಿನ್ ಮೇಲಿರುವ ನಿಮ್ಮ ತಂದೆ ಈ ಅಪಾಯದ ಪಟ್ಟಿಯಲ್ಲಿ ಬರುತ್ತಾರೆ. ಮೊದಲು ಈ ಮೂರು ಪರೀಕ್ಷೆ ಮಾಡಿಸಿ, ಬಿ1 ಜೀವಸತ್ವದ ಮಾತ್ರೆ ಬೇಕೇ ಎಂದು ವೈದ್ಯರನ್ನು ಕೇಳಿ, ಅರ್ಧ ಊಟದಿಂದ ಶುರುಮಾಡಿ ಒಂದು ವಾರದಲ್ಲಿ ಪೂರ್ತಿಗೆ ಬನ್ನಿ. ಅದೇ ವಾರ ದಿನಕ್ಕೆ ನಾಲ್ಕು ಸಲ ಸಕ್ಕರೆ ನೋಡಿ ಬರೆದು ವೈದ್ಯರಿಗೆ ತೋರಿಸಿದರೆ ಇನ್ಸುಲಿನ್ ಹೆಚ್ಚಿಸುವುದು ಸುಲಭ. ನೀವಾಗಿಯೇ ಯೂನಿಟ್ ಏರಿಸಬೇಡಿ.

58ಕ್ಕೆ ಇಳಿದದ್ದಕ್ಕೆ ಕಾರಣ ಹುಡುಕಬೇಕು. ನೀವು ಕೊಡುತ್ತಿರುವುದು ಬೆಳಿಗ್ಗೆ ರಾತ್ರಿಯ ಮಿಶ್ರ ಇನ್ಸುಲಿನ್ (ಬೇಗ, ನಿಧಾನ ಕೆಲಸ ಮಾಡುವ ಎರಡೂ ಬೆರೆತದ್ದು) ಆಗಿದ್ದರೆ, ಚುಚ್ಚಿದ ಮೇಲೆ ಊಟ ತಪ್ಪಿದರೂ ಅದು ಕೆಲಸ ಬಿಡುವುದಿಲ್ಲ. ಜತೆಗೆ ಸಕ್ಕರೆ ಇಳಿಸುವ ಗ್ಲಿಮಿಪಿರೈಡ್ ಮಾತ್ರೆ ನಡೆಯುತ್ತಿದ್ದು ಕಿಡ್ನಿಯೂ ಕುಂದಿದ್ದರೆ ಇಳಿತ ಒಂದು ದಿನ ಕಳೆದರೂ ಮರುಕಳಿಸಬಹುದು. ಹೊಟ್ಟೆಗೆ ಎಷ್ಟು ಹೋಗುತ್ತದೆ ಎಂಬ ನಂಬಿಕೆಯೇ ಇಲ್ಲದ ರೋಗಿಗೆ ನನ್ನ ಆಯ್ಕೆ ಬೇರೆ: ದಿನಕ್ಕೊಮ್ಮೆ ದೀರ್ಘಕಾಲ ಕೆಲಸ ಮಾಡುವ ಇನ್ಸುಲಿನ್, ಊಟಕ್ಕೆ ಬೇರೆಯಾಗಿ ಬೇಗ ಕೆಲಸ ಮಾಡುವುದು. ಉಣ್ಣದಿದ್ದರೆ ಊಟದ್ದು ಬಿಡಿ, ದಿನದ್ದು ಬಿಡಬೇಡಿ. ಚುಚ್ಚು ಹೆಚ್ಚು, ಖರ್ಚೂ ಸ್ವಲ್ಪ ಹೆಚ್ಚು, ಆದರೆ ಹೆದರಿ ಇಡೀ ದಿನ ಬಿಡುವ ಪ್ರಸಂಗ ಬರುವುದಿಲ್ಲ. 70ಕ್ಕಿಂತ ಇಳಿದರೆ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿ, ಹದಿನೈದು ನಿಮಿಷಕ್ಕೆ ಮತ್ತೆ ನೋಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಹೊರಡಿ. ನಮ್ಮ ಬೇಸಿಗೆಗೆ ಇನ್ಸುಲಿನ್ನೂ ಕೆಡುತ್ತದೆ. ಫ್ರಿಜ್ ಇಲ್ಲದಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ನೀರಿನ ಮಣ್ಣಿನ ಗಡಿಗೆಯ ತಂಪಿನಲ್ಲಿಡಿ.

ಮಾತ್ರೆಗಳ ಹೆಸರನ್ನೊಮ್ಮೆ ಓದಿ. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂದಿದ್ದರೆ ತಕ್ಷಣ ವೈದ್ಯರಿಗೆ ತಿಳಿಸಿ. ಹೃದಯ, ಕಿಡ್ನಿಗೆ ಒಳ್ಳೆಯ ಔಷಧಿಗಳೇ, ಆದರೆ ಸರಿಯಾಗಿ ಉಣ್ಣದವರಲ್ಲಿ ಮೀಟರು 180 ತೋರಿಸುತ್ತಿರುವಾಗಲೇ ರಕ್ತ ಆಮ್ಲೀಯವಾಗಿ ಜೀವಕ್ಕೇ ಕುತ್ತು ಬರಬಹುದು. ಶಸ್ತ್ರಚಿಕಿತ್ಸೆಗೆ ಮೂರು ದಿನ ಮೊದಲು ಇವನ್ನು ನಿಲ್ಲಿಸುತ್ತೇವೆ.

ಇಷ್ಟೆಲ್ಲ ಹೇಳಿದ ಮೇಲೂ, ಊಟವೊಂದೇ ಈ ಗಾಯ ಮಾಗಿಸುತ್ತದೆ ಎಂದು ನಾನು ಹೇಳಲಾರೆ. ಆಸ್ಪತ್ರೆಯ ರೋಗಿಗಳ ಮೇಲೆ ಊಟದ ಪರಿಣಾಮಕ್ಕೆ ಗಟ್ಟಿ ಪುರಾವೆ ಇದೆ. 2019ರಲ್ಲಿ ಪ್ರಕಟವಾದ ಸ್ವಿಟ್ಜರ್‌ಲೆಂಡಿನ ಎಫರ್ಟ್ ಅಧ್ಯಯನದಲ್ಲಿ ಎರಡು ಸಾವಿರಕ್ಕೂ ಹೆಚ್ಚು ರೋಗಿಗಳಿದ್ದರು. ಒಬ್ಬೊಬ್ಬರಿಗೂ ಲೆಕ್ಕ ಹಾಕಿ ಉಣಿಸಿದ ಗುಂಪಿನಲ್ಲಿ ತಿಂಗಳೊಳಗಿನ ಸಾವು ನೂರಕ್ಕೆ ಹತ್ತರಿಂದ ಏಳಕ್ಕೆ ಇಳಿಯಿತು. ಕಾಲುಹುಣ್ಣಿನ ವಿಷಯದಲ್ಲಿ ಪುರಾವೆ ಅಷ್ಟು ಬಲವಾಗಿಲ್ಲ. ಕಾರಣ ಸ್ಪಷ್ಟ: ಕಾಲಿನ ರಕ್ತನಾಳವೇ ಕಟ್ಟಿದ್ದರೆ ಪ್ರೋಟೀನ್ ಗಾಯ ಮುಟ್ಟುವುದೇ ಇಲ್ಲ. ಮೇಲಿಂದ ನೀರು ಬರುವುದೇ ನಿಂತಿದ್ದರೆ ಕಾಲುವೆಯ ಕೆಳಭಾಗದ ಗದ್ದೆಗೆ ಎಷ್ಟು ಗೊಬ್ಬರ ಸುರಿದು ಏನು ಪ್ರಯೋಜನ? ಆದ್ದರಿಂದ ಚರ್ಮ ಕಸಿಗೆ ಮೊದಲು ಮೂರು ಪ್ರಶ್ನೆ ಶಸ್ತ್ರವೈದ್ಯರ ಮುಂದಿಡಿ. ಪಾದಕ್ಕೆ ರಕ್ತ ಸಾಕಷ್ಟು ಬರುತ್ತಿದೆಯೇ, ರಕ್ತದ ಹರಿವು ನೋಡುವ ಡಾಪ್ಲರ್ ಪರೀಕ್ಷೆ ಆಗಿದೆಯೇ? ಎಕ್ಸ್‌ರೇಯಲ್ಲಿ ಎಲುಬಿಗೆ ಸೋಂಕು ಕಾಣುತ್ತಿದೆಯೇ? ಆ ಪಾದದ ಮೇಲೆ ಭಾರ ಬೀಳದಂತೆ ಯಾವ ಚಪ್ಪಲಿ ಅಥವಾ ಕಟ್ಟು? ಬಳ್ಳಾರಿ, ಕೊಪ್ಪಳ, ರಾಯಚೂರು ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ, ಈಗ ತೋರಿಸುತ್ತಿರುವಲ್ಲಿ ಇವು ಆಗದಿದ್ದರೆ ಅಲ್ಲಿ ಕೇಳಿ. ಬೀಡಿ, ಗುಟ್ಕಾ ಇದ್ದರೆ ಬಿಡಿಸಲೇಬೇಕು. ಮಂಚದ ಮೇಲೆ ಕೂತೇ ತೊಡೆ, ತೋಳಿನ ವ್ಯಾಯಾಮ ದಿನಕ್ಕೆ ಮೂರು ಸಲ ಮಾಡಿಸಿ. ದುಡಿಸದ ಸ್ನಾಯು ಉಂಡದ್ದನ್ನು ಹಿಡಿದುಕೊಳ್ಳುವುದಿಲ್ಲ. ಆರೋಗ್ಯವಂತ ವೃದ್ಧರೇ ಹತ್ತು ದಿನ ಹಾಸಿಗೆ ಹಿಡಿದರೆ ಕಾಲಿನ ಸ್ನಾಯು ಒಂದು ಕೆಜಿಯಷ್ಟು ಕಳೆದುಕೊಂಡದ್ದು 2007ರ ಒಂದು ಅಧ್ಯಯನದಲ್ಲಿ ದಾಖಲಾಗಿದೆ.

ಕಸಿಯನ್ನು ಮುಂದೂಡಬೇಕೇ? ಎಚ್‌ಬಿಎ1ಸಿ ಎಂಟರ ಒಳಗಿದ್ದರೆ ಒಳ್ಳೆಯದು ಎನ್ನುವುದು ನಿಜ. ಆದರೆ ಅದು ಹಿಂದಿನ ಎರಡು ಮೂರು ತಿಂಗಳ ಸರಾಸರಿ, ಇಂದಿನಿಂದ ಸರಿಮಾಡಿದರೂ ಅಂಕಿ ನಿಧಾನವಾಗಿಯೇ ಇಳಿಯುತ್ತದೆ. ರಕ್ತ ಏರಿಸಿದ್ದರೆ ಅದು ತಪ್ಪಾಗಿಯೂ ಬರಬಹುದು. ನಾನಾದರೆ ಎರಡು ವಾರದ ದಿನನಿತ್ಯದ ಸಕ್ಕರೆ, ತೂಕ ಇಳಿಯುವುದು ನಿಂತಿದೆಯೇ, ಗಾಯದ ತಳ ಕೆಂಪಾಗಿದೆಯೇ, ಇಷ್ಟು ನೋಡಿ ನಿರ್ಧರಿಸುತ್ತೇನೆ. ತಳ ಮಸುಕಾಗಿ, ವಾಸನೆ ಇರುವಾಗ ತರಾತುರಿಯಲ್ಲಿ ಹಾಕಿದ ಚರ್ಮ ಹಿಡಿಯುವುದಿಲ್ಲ. ಹಾಗೆಯೇ, ಕಸಿಯ ಹಿಂದಿನ ರಾತ್ರಿಯಿಂದ ಬರೀ ಹೊಟ್ಟೆ ಎಂಬ ಹಳೆಯ ಪದ್ಧತಿ ಎಲ್ಲರಿಗೂ ಬೇಕಿಲ್ಲ. ಸಾಮಾನ್ಯವಾಗಿ ಊಟಕ್ಕೆ ಆರು ಗಂಟೆ, ನೀರಿಗೆ ಎರಡು ಗಂಟೆ ಬಿಡುವು ಸಾಕು. ಹೊಟ್ಟೆ ನಿಧಾನವಾಗಿ ಖಾಲಿಯಾಗುವ ಸಕ್ಕರೆ ರೋಗಿಗಳಿಗೆ ಹೆಚ್ಚು ಬೇಕಾಗಬಹುದು, ಅರಿವಳಿಕೆ ವೈದ್ಯರು ಹೇಳಿದಂತೆ ಮಾಡಿ. ಬೆಳಗಿನ ಮೊದಲ ಕೇಸ್ ಆಗಿ ತೆಗೆದುಕೊಳ್ಳಲು ಕೇಳಿ, ಅದಕ್ಕೆ ಸಂಕೋಚ ಬೇಡ.

ಪ್ರೋಟೀನ್ ಪುಡಿ ತಂದಿದ್ದರೆ ಡಬ್ಬಿಯ ಹಿಂದಿನ ಚೀಟಿ ಓದಿ. ಮಾಲ್ಟೋಡೆಕ್ಸ್‌ಟ್ರಿನ್ (ಬೇಗ ಸಕ್ಕರೆಯಾಗುವ ಪಿಷ್ಟ) ಅಥವಾ ಸಕ್ಕರೆ ಮೊದಲ ಸಾಲುಗಳಲ್ಲೇ ಇದ್ದರೆ ಅದನ್ನು ಮರಳಿಸಿ. ಪ್ರೋಟೀನ್ ಹೆಚ್ಚಿದ್ದು ಸಕ್ಕರೆ ಇಲ್ಲದ ಪುಡಿಯಾದರೆ, ಅವರು ಊಟ ಅರ್ಧಕ್ಕೆ ಬಿಟ್ಟ ದಿನ ಹಾಲಿಗೆ ಬೆರೆಸಿ ಕೊಡಿ. ಊಟ ಪೂರ್ತಿ ಹೋಗುತ್ತಿದ್ದರೆ ಅದರ ಅಗತ್ಯವಿಲ್ಲ, ಮುಂದಿನ ಡಬ್ಬಿಯ ದುಡ್ಡಿಗೆ ತತ್ತಿ, ಹಾಲು ತನ್ನಿ. ಚಳಿಜ್ವರ ಬಂದರೆ, ಪಾದದ ಕೆಂಪು ಮೇಲಕ್ಕೆ ಹಬ್ಬಿದರೆ, ಬೆರಳು ಕಪ್ಪಾದರೆ, ಸಕ್ಕರೆ 300ರ ಮೇಲಿದ್ದು ವಾಂತಿಯೂ ಶುರುವಾದರೆ ಮುಂದಿನ ತಪಾಸಣೆಯ ತಾರೀಕಿಗೆ ಕಾಯದೆ ಆ ರಾತ್ರಿಯೇ ಹೊರಡಿ.